ಐದು ಮನೆಯ ಬಾಡಿಗೆ ಕಟ್ಟಡ ಕೊಳ್ಳೋಣ ಅಂತಿದ್ದೇನೆ, ಮೂರು ಮನೆ ಭೋಗ್ಯಕ್ಕೆ ಹಾಕಿದರೆ ಸಾಲ ಕಮ್ಮಿ ಆಗುತ್ತೆ ಅಲ್ವಾ?

ತಿಪಟೂರು_ತೆಂಗು:

ಎಲ್ಲರಿಗೂ ನಮಸ್ಕಾರ. ವಯಸ್ಸು 34, ಬೆಂಗಳೂರಿನಲ್ಲಿ ಕೆಲಸ. ನಾನೂ ಹೆಂಡತಿಯೂ ಸೇರಿ ತಿಂಗಳಿಗೆ ಕೈಗೆ 1.6 ಲಕ್ಷ ಬರುತ್ತದೆ. ಹತ್ತು ವರ್ಷ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ, ಈಗ ಬಾಡಿಗೆ ಎಣಿಸಿಕೊಳ್ಳುವ ಕಡೆ ಕೂರೋಣ ಅನ್ನಿಸಿದೆ. ನಮ್ಮ ಉಳಿತಾಯ 18 ಲಕ್ಷ ಇದೆ, ಅಪ್ಪ ತೋಟದ ದುಡ್ಡಿನಲ್ಲಿ 12 ಲಕ್ಷ ಕೊಡುತ್ತೇನೆ ಅಂದಿದ್ದಾರೆ. ಒಟ್ಟು 30.

ಎರಡು ಜಾಗ ನೋಡಿದ್ದೇನೆ. ಒಂದು ಕೆಂಗೇರಿ ಮೆಟ್ರೋ ಹತ್ತಿರ ಎಂಟು ವರ್ಷ ಹಳೆಯ ಫ್ಲಾಟ್, ಎರಡು ಬೆಡ್‌ರೂಮು, 78 ಲಕ್ಷ ಹೇಳುತ್ತಿದ್ದಾರೆ, ಬಾಡಿಗೆ 24 ಸಾವಿರ ಬರುತ್ತಂತೆ. ಇನ್ನೊಂದು ಮಾಗಡಿ ರಸ್ತೆ ಕಡೆ, 20×30 ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿದ ಕಟ್ಟಡ, ಒಟ್ಟು ಐದು ಮನೆ, ಬೆಲೆ 1.10 ಕೋಟಿ. ಮೂರು ಮನೆಗೆ ತಲಾ 10,500, ಒಂದಕ್ಕೆ 9,000, ಟೆರೇಸಿನ ಸಿಂಗಲ್ ರೂಮಿಗೆ 5,500. ಕೂಡಿದರೆ 46,000. ಖಾತೆ ಮಾತ್ರ ಬಿ, ಅಂದರೆ ಪಾಲಿಕೆಯ ದಾಖಲೆಯಲ್ಲಿ ಪೂರ್ತಿ ಸಕ್ರಮ ಅಂತ ಸೇರದ ಆಸ್ತಿ. "ಅದೆಲ್ಲಾ ಈಗ ಎ ಆಗುತ್ತೆ ಸಾರ್, ತಲೆ ಕೆಡಿಸ್ಕೋಬೇಡಿ" ಅನ್ನುತ್ತಾನೆ ಬ್ರೋಕರ್. ದೊಡ್ಡ ಬ್ಯಾಂಕುಗಳು ಬಿ ಖಾತೆಗೆ ಆಗಲ್ಲ ಅಂದವು, ಒಂದು ಫೈನಾನ್ಸ್ ಕಂಪನಿ ಹತ್ತು ಪರ್ಸೆಂಟಿಗೆ 82 ಲಕ್ಷ ಕೊಡಲು ಒಪ್ಪಿದೆ.

ನನ್ನ ಮನಸ್ಸು ಕಟ್ಟಡದ ಕಡೆಗೇ ಇದೆ. ಕೈಯಿಂದ 28 ಲಕ್ಷ ಹಾಕಬೇಕು, ರಿಜಿಸ್ಟ್ರೇಷನ್‌ಗೆ ಎಂಟೂವರೆ ಬೇಕು, ಹಾಗಾಗಿ ಆರೇಳು ಲಕ್ಷ ಕಮ್ಮಿ ಬೀಳುತ್ತದೆ. ಅದಕ್ಕೊಂದು ಐಡಿಯಾ ಮಾಡಿದ್ದೇನೆ, ಭೋಗ್ಯ, ಅಂದರೆ ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ತಗೊಂಡು ಅವಧಿ ಮುಗಿದ ಮೇಲೆ ಅಷ್ಟನ್ನೂ ವಾಪಸ್ ಕೊಡುವುದು. ಆ ಮೂರು 10,500ರ ಮನೆಗಳನ್ನು ತಲಾ 6 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿದರೆ 18 ಲಕ್ಷ ಬರುತ್ತದೆ. ಕೊರತೆಯೂ ತುಂಬುತ್ತದೆ, ಮಿಕ್ಕ 12 ಲಕ್ಷ ಸಾಲಕ್ಕೆ ಕಟ್ಟಿದರೆ ಇಎಂಐ ಕೂಡ ಇಳಿಯುತ್ತದೆ. ಬಡ್ಡಿಯಿಲ್ಲದ ದುಡ್ಡು ತಾನೇ? ಇದರಲ್ಲಿ ನನಗೆ ಕಾಣದೇ ಇರುವ ಗುಂಡಿ ಏನಾದರೂ ಇದೆಯಾ? ಈಗಾಗಲೇ ಬಾಡಿಗೆ ಕಟ್ಟಡ ಇಟ್ಟುಕೊಂಡಿರುವವರು ಹೇಳಿ. ಟೋಕನ್ ಇನ್ನೂ ಕೊಟ್ಟಿಲ್ಲ, ಭಾನುವಾರ ಕೊಡು ಅಂತ ಬ್ರೋಕರ್ ಪ್ರಾಣ ತಿನ್ನುತ್ತಿದ್ದಾನೆ.

ಮೂರನೇ_ಮಹಡಿ:

ಮೊದಲು ಟೋಕನ್ ಕೊಡಬೇಡಿ. ಆಮೇಲೆ ಉಳಿದದ್ದು ಓದಿ.

ನಾನು 2019ರಲ್ಲಿ ಇಂಥದ್ದೇ ಒಂದು ಕಟ್ಟಡ ಕೊಂಡೆ. ನಾಲ್ಕು ಮನೆ, 34 ಸಾವಿರ ಬಾಡಿಗೆ ಅಂತ ಮಾರುವವರು ಹೇಳಿದ್ದರು. ಒಂದು ಹಾಳೆಯಲ್ಲಿ ಯಾವ ಮನೆ ಎಷ್ಟು ಅಂತ ಬರೆದು ಕೊಟ್ಟಿದ್ದರು, ನೀವು ಮೇಲೆ ಬರೆದ ಹಾಗೇ. ಇಸಿ, ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ, ತೆಗೆಸಿದೆ, ಕ್ಲೀನ್ ಇತ್ತು. ಲಾಯರು ಆಸ್ತಿಯ ಮೂಲ ದಾಖಲೆಯಾದ ತಾಯಿ ಪತ್ರದಿಂದ ಹಿಡಿದು ಎಲ್ಲ ನೋಡಿ ಸರಿ ಇದೆ ಅಂದರು. ರಿಜಿಸ್ಟರ್ ಆಯಿತು, ಮನೆಯಲ್ಲಿ ಪಾಯಸ ಮಾಡಿದರು.

ಮುಂದಿನ ತಿಂಗಳು ಐದನೇ ತಾರೀಕು ಬಾಡಿಗೆ ಕೇಳೋಣ ಅಂತ ಹೋದೆ. ನೆಲಮಹಡಿಯಲ್ಲಿ ಒಬ್ಬ ಟೈಲರು, ಗಂಡ ಹೆಂಡತಿ, ಇಬ್ಬರು ಮಕ್ಕಳು. ಆತ ನನ್ನ ಮುಖ ನೋಡಿ "ಯಾವ ಬಾಡಿಗೆ ಸಾರ್?" ಅಂದ. ನಾನು ಹೊಸ ಓನರ್ ಅಂದೆ. ಆತ ಒಳಗೆ ಹೋಗಿ ಬೀರುವಿನಿಂದ ಪ್ಲಾಸ್ಟಿಕ್ ಕವರ್ ತಂದ. ಅದರೊಳಗೆ 200 ರೂಪಾಯಿ ಛಾಪಾ ಕಾಗದ. ಮೂರು ವರ್ಷಕ್ಕೆ ಭೋಗ್ಯ, 7 ಲಕ್ಷ ಸಂದಾಯ ಆಗಿದೆ ಅಂತ ಹಳೆ ಓನರಿನ ಸಹಿ, ನೋಟರಿ ಮುದ್ರೆ. ಅವಧಿ ಮುಗಿಯಲು ಇನ್ನೂ ಎರಡು ವರ್ಷ ಬಾಕಿ ಇತ್ತು. ಮೊದಲ ಮಹಡಿಯಲ್ಲಿ ಇನ್ನೊಬ್ಬರದ್ದು 5.5 ಲಕ್ಷ. ಒಟ್ಟು ಹನ್ನೆರಡೂವರೆ ಲಕ್ಷ ನಾನು ವಾಪಸ್ ಕೊಡಬೇಕಾದದ್ದು, ಒಂದು ರೂಪಾಯಿಯೂ ನನ್ನ ಕೈಗೆ ಬಂದದ್ದಲ್ಲ. ಮಾರಿದವನು ಫೋನ್ ಎತ್ತುವುದನ್ನು ಬಿಟ್ಟ.

ಇಸಿಯಲ್ಲಿ ಯಾಕೆ ಕಾಣಲಿಲ್ಲ ಅಂದರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದು ಮಾತ್ರ ಇಸಿಯಲ್ಲಿ ಬರುತ್ತದೆ. ಒಂದು ವರ್ಷ ಮೀರಿದ ಲೀಸು ನೋಂದಣಿ ಮಾಡಿಸಲೇಬೇಕು ಅಂತ ಕಾನೂನು ಇದೆ, ಎಲ್ಲರೂ 11 ತಿಂಗಳ ಅಗ್ರಿಮೆಂಟ್ ಮಾಡುವುದು ಅದಕ್ಕೇ. ಆದರೆ ಭೋಗ್ಯದವರು ಖರ್ಚು ಉಳಿಸಲು ನೋಟರಿಯಲ್ಲೇ ಮುಗಿಸಿಬಿಡುತ್ತಾರೆ. ಹಾಗಾದರೆ ಆ ಕಾಗದಕ್ಕೆ ಬೆಲೆ ಇಲ್ಲ ಅಲ್ವಾ ಅಂತ ನಾನೂ ಲಾಯರನ್ನು ಕೇಳಿದೆ. ಅವರು ನಕ್ಕರು. ಮನೆಯೊಳಗೆ ಒಬ್ಬರು ವಾಸ ಇದ್ದಾರೆ ಅಂದ ಮೇಲೆ ಅವರಿಗೆ ಯಾವ ಹಕ್ಕಿದೆ ಅಂತ ಕೊಳ್ಳುವವನೇ ವಿಚಾರಿಸಬೇಕು, ವಿಚಾರಿಸಲಿಲ್ಲ ಅಂದರೂ ಗೊತ್ತಿತ್ತು ಅಂತಲೇ ಕಾನೂನು ತಗೊಳ್ಳುತ್ತದೆ ಅಂದರು. ಕೋರ್ಟಿಗೆ ಹೋದರೆ ಎಷ್ಟು ವರ್ಷ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಟೈಲರಾದರೂ ಏನು ಮಾಡಿಯಾನು, ಮಗಳ ಮದುವೆಗೆ ಅಂತ ಕೂಡಿಟ್ಟ ದುಡ್ಡು ಅದು. ಚೀಟಿ ಎತ್ತಿ, ಹೆಂಡತಿಯ ಬಳೆ ಅಡ ಇಟ್ಟು, ಎರಡು ವರ್ಷದಲ್ಲಿ ಇಬ್ಬರಿಗೂ ತೀರಿಸಿದೆ.

ಆದ್ದರಿಂದ ನಿಮಗೆ ಒಂದೇ ಕೆಲಸ ಹೇಳುತ್ತೇನೆ. ಬ್ರೋಕರನ್ನು ಬಿಟ್ಟು, ನೀವು ಒಬ್ಬರೇ, ಸಂಜೆ ಏಳರ ನಂತರ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಹೋಗಿ ಐದೂ ಬಾಗಿಲು ತಟ್ಟಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಅಗ್ರಿಮೆಂಟ್ ಯಾವಾಗಿನದು, ಬಾಡಿಗೆ ಯಾವ ರೂಪದಲ್ಲಿ ಕೊಡುತ್ತೀರಿ ಅಂತ ಕೇಳಿ. ಫೋನ್‌ಪೇ ಮಾಡಿದ್ದರೆ ಸ್ಕ್ರೀನ್ ತೋರಿಸಿ ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಅಗ್ರಿಮೆಂಟಿನ ಫೋಟೋ ತಗೊಳ್ಳಿ. ಯಾವುದಾದರೂ ಮನೆಗೆ ಬೀಗ ಇದ್ದು "ಅವರು ಊರಿಗೆ ಹೋಗಿದ್ದಾರೆ" ಅಂದರೆ, ಊರಿಂದ ಬರುವವರೆಗೂ ಕಾಯಿರಿ. ಎಲ್ಲ ಅಡ್ವಾನ್ಸ್ ಕೂಡಿಸಿ ಆ ಮೊತ್ತವನ್ನು ಬೆಲೆಯಲ್ಲಿ ಮುರಿದುಕೊಳ್ಳಿ, ಅದನ್ನು ಸೇಲ್ ಅಗ್ರಿಮೆಂಟಿನಲ್ಲೂ ಬರೆಸಿ. ನಾನು ಅದನ್ನೂ ಮಾಡಿರಲಿಲ್ಲ. ಮಿಕ್ಕ ಎರಡು ಮನೆಯವರ 1.6 ಲಕ್ಷ ಅಡ್ವಾನ್ಸ್ ಕೂಡ ನನ್ನ ತಲೆ ಮೇಲೇ ಬಂತು.

ಕೂಡು_ಕಳೆ:

ಮೇಲಿನವರ ಕಥೆ ಓದಿ ಹೊಟ್ಟೆ ತೊಳಸಿತು. ನಾನು ಬರೀ ಲೆಕ್ಕ ಹೇಳುತ್ತೇನೆ, ಯಾಕಂದರೆ ಮೂಲ ಪ್ರಶ್ನೆಯಲ್ಲಿ ಒಂದು ತಪ್ಪಿದೆ, ಅದನ್ನು ಯಾರೂ ಇನ್ನೂ ಹೇಳಿಲ್ಲ. ಭೋಗ್ಯದ ದುಡ್ಡಿಗೆ ಬಡ್ಡಿ ಇಲ್ಲ ಅಂದಿರಿ. ಇದೆ.

10,500 ಬಾಡಿಗೆ ಬರುವ ಮನೆಯನ್ನು 6 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ಆ ಬಾಡಿಗೆ ನಿಂತುಹೋಗುತ್ತದೆ ತಾನೇ. ವರ್ಷಕ್ಕೆ 1.26 ಲಕ್ಷ. ಆರು ಲಕ್ಷಕ್ಕೆ ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತಾರು ಸಾವಿರ ಅಂದರೆ 21 ಪರ್ಸೆಂಟ್ ಬಡ್ಡಿ! ಹತ್ತು ಪರ್ಸೆಂಟಿನ ಸಾಲ ತೀರಿಸಲು ಇಪ್ಪತ್ತೊಂದು ಪರ್ಸೆಂಟಿನ ಸಾಲ ಎತ್ತುತ್ತೇನೆ ಅಂತಿದ್ದೀರಿ. ಲೆಕ್ಕ ಸರಿಹೋಗಬೇಕಾದರೆ ಆ ಮನೆಗೆ 12.6 ಲಕ್ಷ ಭೋಗ್ಯ ಬರಬೇಕು. ಆ ಏರಿಯಾದಲ್ಲಿ ಒಂದು ಬೆಡ್‌ರೂಮಿಗೆ ಯಾರು ಕೊಡುತ್ತಾರೆ?

ನಿಮ್ಮ ಪ್ಲಾನ್ ಪ್ರಕಾರವೇ ನೋಡಿ. ಸಾಲ 82ರಿಂದ 70 ಲಕ್ಷಕ್ಕೆ ಇಳಿಯಿತು ಅನ್ನೋಣ. ಹತ್ತು ಪರ್ಸೆಂಟ್, 20 ವರ್ಷ, ಇಎಂಐ 67 ಸಾವಿರದ ಮೇಲೆ. ಭೋಗ್ಯ ಹೋದ ಮೇಲೆ ಕೈಗೆ ಬರುವ ಬಾಡಿಗೆ 14,500. ತಿಂಗಳಿಗೆ 53 ಸಾವಿರ ಜೇಬಿನಿಂದ, ಜೊತೆಗೆ ನೀವಿರುವ ಮನೆಯ ಬಾಡಿಗೆ ಬೇರೆ. ಭೋಗ್ಯ ಹಾಕದೇ ಪೂರ್ತಿ 82 ಲಕ್ಷ ಸಾಲ ಇಟ್ಟುಕೊಂಡರೆ ಇಎಂಐ 79 ಸಾವಿರ, ಬಾಡಿಗೆ 46, ಅಂದರೆ ಜೇಬಿನಿಂದ 33. ನಿಮ್ಮ ಉಪಾಯದಿಂದ ತಿಂಗಳಿಗೆ 20 ಸಾವಿರ ಜಾಸ್ತಿಯೇ ಹೋಗುತ್ತದೆ. ಮೂರು ವರ್ಷಕ್ಕೆ ಮೂರೂ ಮನೆಯವರು ಒಟ್ಟಿಗೇ 18 ಲಕ್ಷ ಕೇಳಿದರೆ? ಹೊಸಬರನ್ನು ಭೋಗ್ಯಕ್ಕೆ ಹುಡುಕಿ ಹಳಬರಿಗೆ ಕೊಡುವುದು, ಅಷ್ಟೇ ದಾರಿ. ಈ ಊರಿನಲ್ಲಿ ಎಷ್ಟೋ ಓನರುಗಳು ಹತ್ತು ಹದಿನೈದು ವರ್ಷದಿಂದ ಆ ಚಕ್ರದಲ್ಲೇ ಸುತ್ತುತ್ತಿದ್ದಾರೆ.

ಇನ್ನೊಂದು. ಸಾಲದ ಪತ್ರ ಪೂರ್ತಿ ಓದಿ. ನಮ್ಮ ಒಪ್ಪಿಗೆ ಇಲ್ಲದೆ ಲೀಸಿಗೆ ಕೊಡಬಾರದು ಅಂತ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಫ್ಲಾಟೇನು ಚಿನ್ನವಲ್ಲ. 24 ಸಾವಿರದಲ್ಲಿ ಮೇಂಟೆನೆನ್ಸ್ ಸೇರಿದೆಯೋ ಬೇರೆಯೋ ಕೇಳಿದ್ದೀರಾ? ಕೆಂಗೇರಿ ಕಡೆ ನಾನು ನೋಡಿದ ಹಾಗೆ ಸೇರಿಸಿಯೇ ಹೇಳುತ್ತಾರೆ. 3,500 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಇಟ್ಟರೆ 11 ತಿಂಗಳಿಗೆ 2.64 ಲಕ್ಷ ಬರುತ್ತದೆ. ಮೇಂಟೆನೆನ್ಸ್ 12 ತಿಂಗಳೂ ಕಟ್ಟಬೇಕು, ಮನೆ ಖಾಲಿ ಇದೆ ಅಂತ ಸಂಘದವರು ಬಿಡುವುದಿಲ್ಲ, 42 ಸಾವಿರ ಹೋಯಿತು. ಮನೆ ಕಂದಾಯ 8 ಸಾವಿರ ಅನ್ನಿ, ಬಾಡಿಗೆಗೆ ಕೊಟ್ಟ ಮನೆಗೆ ದರ ಸ್ವಂತ ವಾಸಕ್ಕಿಂತ ಹೆಚ್ಚು, ಇದನ್ನು ಹೊಸಬರು ಮರೆಯುತ್ತಾರೆ. ಎರಡು ವರ್ಷಕ್ಕೊಮ್ಮೆ ಬಣ್ಣ, ಬ್ರೋಕರು ಅಂತ ವರ್ಷಕ್ಕೆ 12 ಸಾವಿರ. ಗೀಸರು, ನಲ್ಲಿ, ಮೋಟರು, ಬಾಗಿಲ ಲಾಕು ಅಂತ 15 ಸಾವಿರ. ಕೊನೆಗೆ ಉಳಿಯುವುದು 1.87 ಲಕ್ಷ. ರಿಜಿಸ್ಟ್ರೇಷನ್ ಸೇರಿ ನೀವು ಹಾಕಿದ್ದು 84 ಲಕ್ಷ. ಎರಡೂ ಕಾಲು ಪರ್ಸೆಂಟೂ ಗಿಟ್ಟಲಿಲ್ಲ. 60 ಲಕ್ಷ ಸಾಲವನ್ನು ಎಂಟೂವರೆಗೆ ತಂದರೆ ಇಎಂಐ 52 ಸಾವಿರ.

ರಿಜಿಸ್ಟ್ರೇಷನ್ ಖರ್ಚು ನೀವು ಸರಿಯಾಗೇ ಹಾಕಿದ್ದೀರಿ, ಅದಕ್ಕೆ ಭೇಷ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಯಿತಲ್ಲ, ಮುದ್ರಾಂಕ ಶುಲ್ಕ ಸೆಸ್ಸು ಎಲ್ಲ ಸೇರಿ ಈಗ 7.6. ಬಹಳ ಜನ ಹಳೆ ಲೆಕ್ಕದಲ್ಲೇ ಇದ್ದಾರೆ. ತೆರಿಗೆಯಲ್ಲಿ ಬಡ್ಡಿ ಕಳೆದುಕೊಳ್ಳೋಣ ಅಂತಿದ್ದರೆ, ನೀವು ಹೊಸ ಪದ್ಧತಿಯಲ್ಲಿದ್ದೀರೋ ಹಳೆಯದರಲ್ಲಿದ್ದೀರೋ ನೋಡಿ. ಬಾಡಿಗೆ ಮನೆಯ ನಷ್ಟವನ್ನು ಸಂಬಳದ ಎದುರು ಹಳೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಕಳೆಯಬಹುದು, ಹೊಸದರಲ್ಲಿ ಆಗುವುದಿಲ್ಲ.

ಕೆಳಗಿನ_ಮನೆ_ಅಕ್ಕ:

ನಾನು ಮೈಸೂರಿನವಳು, ಕುವೆಂಪುನಗರದಲ್ಲಿ ನಮ್ಮ ಮನೆ, ಮೇಲೆ ಎರಡು ಮನೆ ಬಾಡಿಗೆಗೆ ಕೊಟ್ಟು 22 ವರ್ಷ ಆಯಿತು. ಲೆಕ್ಕ ಎಲ್ಲ ಗಂಡಸರು ಮಾಡಿದ್ದೀರಿ, ಸಂತೋಷ. ಮನೆ ನಡೆಸುವುದು ಹೇಗೆ ಅಂತ ಯಾರೂ ಹೇಳಿಲ್ಲ.

ಐದು ಮನೆ ಅಂದರೆ ಐದು ಸಂಸಾರ ಸ್ವಾಮಿ. ರಾತ್ರಿ ಹತ್ತೂವರೆಗೆ ಫೋನು ಬರುತ್ತದೆ, "ಅಂಕಲ್ ನೀರು ಬರ್ತಿಲ್ಲ". ನೀವು ಅದೇ ಕಟ್ಟಡದಲ್ಲಿ ಇರುತ್ತೀರಾ ಇಲ್ಲ ಬೇರೆ ಕಡೆಯಾ? ಬೇರೆ ಕಡೆ ಅಂದರೆ ಒಬ್ಬ ಪ್ಲಂಬರು, ಒಬ್ಬ ಎಲೆಕ್ಟ್ರಿಷಿಯನ್ನು, ಇವರ ನಂಬರು ಮೊದಲು ಹುಡುಕಿ, ಆಮೇಲೆ ಬಾಡಿಗೆದಾರರನ್ನು ಹುಡುಕಿ. ನಮ್ಮ ಮೇಲಿನ ಮನೆಯ ಬಚ್ಚಲಿಂದ ಕೆಳಗಿನ ಅಡುಗೆಮನೆ ಸೂರಿಗೆ ಒಂದು ಸಲ ನೀರು ಜಿನುಗಿತು. ಅಂಗೈ ಅಗಲದ ಕಲೆ ಅಷ್ಟೇ, ಬೇಸಿಗೆಗೆ ಒಣಗುತ್ತೆ ಬಿಡು ಅಂದರು ನಮ್ಮವರು. ಬೇಸಿಗೆಗೆ ಒಣಗಲಿಲ್ಲ, ಮಳೆಗಾಲಕ್ಕೆ ಗಾರೆ ಕಿತ್ತುಕೊಂಡು ಬಂದು ಸಾರಿನ ಪಾತ್ರೆಗೆ ಬಿತ್ತು. ಬಚ್ಚಲ ಟೈಲ್ಸು ಪೂರ್ತಿ ಒಡೆದು ಮಾಡಿಸುವಷ್ಟರಲ್ಲಿ ಏಳು ತಿಂಗಳ ಬಾಡಿಗೆ ಕರಗಿತ್ತು. ಹಳೇ ಕಟ್ಟಡ ನೋಡಲು ಹೋದಾಗ ಹಾಲ್ ನೋಡಬೇಡಿ. ಬಚ್ಚಲ ಕೆಳಗಿನ ಮನೆಯ ಸೂರು ನೋಡಿ. ಹೊಸದಾಗಿ ಅಲ್ಲೊಂದೇ ಕಡೆ ಬಿಳಿ ಬಣ್ಣ ಬಳಿದಿದ್ದರೆ ಅರ್ಥ ಮಾಡಿಕೊಳ್ಳಿ.

ಆಮೇಲೆ ಈ "ನಮ್ಮವರಿಗೇ ಕೊಡೋದು", "ಸಸ್ಯಾಹಾರಿಗಳಿಗೆ ಮಾತ್ರ" ಅನ್ನುವ ಬೋರ್ಡು. ನಮ್ಮ ಅತ್ತೆ ಇದ್ದಾಗ ಇದೇ ಹಟ. ಮನೆ ನಾಲ್ಕು ತಿಂಗಳು ಖಾಲಿ. ಕೊನೆಗೆ ಸಿಕ್ಕ "ನಮ್ಮವರು" ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟು ಹೋದರು. ಅದಾದ ಮೇಲೆ ಒಬ್ಬ ನರ್ಸು, ಮಡಿಕೇರಿ ಹುಡುಗಿ, ಆರು ವರ್ಷ ಇದ್ದಳು. ಒಂದನೇ ತಾರೀಕು ಬೆಳಗ್ಗೆ ಬಾಡಿಗೆ ಬರುತ್ತಿತ್ತು, ಜೊತೆಗೆ ಹಬ್ಬಕ್ಕೆ ಜೇನು. ಕೆಲಸ ಎಲ್ಲಿ, ಹಿಂದಿನ ಮನೆ ಯಾಕೆ ಬಿಟ್ಟರು, ಹಳೆ ಓನರಿಗೆ ಒಂದು ಫೋನು, ಇಷ್ಟು ಸಾಕು. ಬೇರೆ ಏನು ತಿನ್ನುತ್ತಾರೆ ಅನ್ನುವುದು ನಮಗ್ಯಾಕೆ.

ಹನ್ನೊಂದು_ತಿಂಗಳು:

ನಾನು ಓನರ್ ಅಲ್ಲ, ಬಾಡಿಗೆದಾರ. ಒಂಬತ್ತು ವರ್ಷದಲ್ಲಿ ಆರು ಮನೆ ಬದಲಿಸಿದ್ದೇನೆ. ಆಚೆ ಕಡೆಯ ಮಾತೂ ಒಂದಿಷ್ಟು ಇರಲಿ.

ಪ್ರತಿ ಸಲ ಮನೆ ಬಿಡುವಾಗ ನಡೆಯುವ ಜಗಳ ಒಂದೇ. ಅಡ್ವಾನ್ಸ್. ಎರಡು ತಿಂಗಳ ಮುಂಚೆ ಹೇಳಿರುತ್ತೇವೆ. ಕೀ ಕೊಡುವ ದಿನ ಓನರು "ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ತಕ್ಷಣ ನಿಮ್ಮದು ಹಾಕ್ತೀನಿ" ಅನ್ನುತ್ತಾರೆ. ಯಾಕೆ? ನಮ್ಮ ದುಡ್ಡು ಅವರ ಮಗನ ಕಾಲೇಜು ಫೀಸಿಗೋ ಕಾರಿಗೋ ಹೋಗಿರುತ್ತದೆ. ಮೂರನೇ ಮನೆಯಲ್ಲಿ 1.5 ಲಕ್ಷ ಕೊಟ್ಟಿದ್ದೆ. ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಅಂತ ಮುರಿದರು, ಅದು ಅಗ್ರಿಮೆಂಟಿನಲ್ಲಿತ್ತು, ಸರಿ. ಮಿಕ್ಕದ್ದು ನಾಲ್ಕು ಕಂತಿನಲ್ಲಿ ಬಂತು, ಕೊನೆಯ ಕಂತು ಐದು ತಿಂಗಳ ನಂತರ. ಆ ಮನೆಗೆ ಹೊಸದಾಗಿ ನೋಡಲು ಬಂದವರಿಗೆಲ್ಲ ನಾನೇ ಹೇಳಿಬಿಡುತ್ತಿದ್ದೆ, ಈ ಓನರು ದುಡ್ಡು ವಾಪಸ್ ಕೊಡಲ್ಲ ಅಂತ. ಮೂರು ಪಾರ್ಟಿ ಹಾಗೇ ವಾಪಸ್ ಹೋದರು. ಸಣ್ಣತನ ಅನ್ನಿ, ಪರವಾಗಿಲ್ಲ.

ತಿಪಟೂರು ಸಾರ್, ನೀವು ಅಡ್ವಾನ್ಸು ಭೋಗ್ಯ ಎಲ್ಲ ನಿಮ್ಮ ಬಂಡವಾಳ ಅನ್ನುವ ಹಾಗೆ ಬರೆದಿದ್ದೀರಿ. ಅದನ್ನು ಒಂದು ಬೇರೆ ಖಾತೆಯಲ್ಲಿ ಎಫ್‌ಡಿ ಮಾಡಿ ಇಟ್ಟುಬಿಡಿ, ಬಡ್ಡಿ ನೀವು ತಿನ್ನಿ, ಅಸಲು ಮುಟ್ಟಬೇಡಿ. ಮತ್ತೆ, ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಕಾಲ ಹೋಗುತ್ತಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳು ಮೀರಬಾರದು ಅಂತ ಇದೆ. ರಾಜ್ಯ ಒಪ್ಪಿಕೊಂಡರೆ ಮಾತ್ರ ಅದು ಜಾರಿ, ನಿಜ. ಆದರೂ ಐದಾರು ತಿಂಗಳಿಗಿಂತ ಜಾಸ್ತಿ ಕೇಳಿದರೆ ನಮ್ಮಂಥವರು ಮುಂದಿನ ಮನೆಗೆ ಹೋಗುತ್ತೇವೆ.

ನೀರಿನ ಬಗ್ಗೆಯೂ ಯಾರೂ ಹೇಳಲಿಲ್ಲ. 2024ರ ಮಾರ್ಚ್ ನೆನಪಿದೆಯಾ? ನಾವಿದ್ದ ಕಡೆ ಬೋರ್‌ವೆಲ್ ಬತ್ತಿತು, ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು, ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ 1,000 ರೂಪಾಯಿ ಅಂತ. ಆ ದರಕ್ಕೆ ಟ್ಯಾಂಕರ್ ಸಿಕ್ಕರೆ ತಾನೇ! ಓನರು ಮನೆಮನೆಗೆ ಪಾಲು ಹಾಕಿದರು, ಎರಡು ಸಂಸಾರ ಏಪ್ರಿಲ್‌ನಲ್ಲೇ ಖಾಲಿ ಮಾಡಿದರು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, 110 ಹಳ್ಳಿಗೆ ನೀರು ಅಂತ. ಪೈಪು ಬೀದಿಯಲ್ಲಿ ಇದೆಯೋ, ಕನೆಕ್ಷನ್ ತಗೊಂಡಿದ್ದಾರೋ, ವಾರಕ್ಕೆ ಎಷ್ಟು ದಿನ ಬಿಡುತ್ತಾರೋ ಅಂತ ಅಲ್ಲಿರುವವರನ್ನೇ ಕೇಳಿ.

ದೋಹಾದಿಂದ_ದಾವಣಗೆರೆ:

ವಿದೇಶದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು, ಪ್ರಶ್ನೆ ಕೇಳಿದವರಿಗಲ್ಲ. ಅನಿವಾಸಿಯ ಮನೆಯಲ್ಲಿ ಬಾಡಿಗೆಗೆ ಇರುವವರು ಬಾಡಿಗೆ ಕೊಡುವ ಮೊದಲು ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಮುರಿಯಬೇಕು, 31.2 ಪರ್ಸೆಂಟ್. ಊರಲ್ಲಿರುವ ಓನರಿಗಾದರೆ ತಿಂಗಳಿಗೆ 50 ಸಾವಿರ ದಾಟಿದ ಬಾಡಿಗೆಗೆ ಮಾತ್ರ, ಅದೂ 2 ಪರ್ಸೆಂಟ್. ನಮಗೆ ಆ ಮಿತಿ ಇಲ್ಲ. ನನ್ನ ಬಾಡಿಗೆದಾರನಿಗೆ ಇದು ಗೊತ್ತೇ ಇರಲಿಲ್ಲ, ನನಗೂ ಇರಲಿಲ್ಲ. ಅವನ ಆಡಿಟರ್ ಹೇಳಿದ ದಿನ ಅವನು ತೆರಿಗೆ ಮುರಿಯುವವರು ಮಾಡಿಸಬೇಕಾದ ಟ್ಯಾನ್ ನಂಬರು, ತ್ರೈಮಾಸಿಕ ರಿಟರ್ನು ಅಂತ ಕೇಳಿ ಹೆದರಿ ಮನೆಯೇ ಬಿಟ್ಟ. ಹೆಚ್ಚು ಮುರಿದದ್ದು ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಕಮ್ಮಿ ಮುರಿಯಲು ಮೊದಲೇ ಅರ್ಜಿ ಹಾಕಿ ಪ್ರಮಾಣಪತ್ರ ತಗೊಳ್ಳಬಹುದು. ಆದರೆ ಬಾಡಿಗೆದಾರನಿಗೆ ಈ ರಗಳೆ ಯಾಕೆ ಬೇಕು ಹೇಳಿ, ಪಕ್ಕದ ಫ್ಲಾಟ್ ಖಾಲಿ ಇರುವಾಗ.

ಸೈಟು_ಪ್ರೇಮಿ:

ಎಲ್ಲರೂ ಸೇರಿ ಹುಡುಗನನ್ನು ಹೆದರಿಸಿಬಿಟ್ಟಿರಿ. ನಾನು 2009ರಲ್ಲಿ ಸಾಲ ಮಾಡಿಯೇ ಸೈಟ್ ಕೊಂಡೆ, 2012ರಲ್ಲಿ ನಾಲ್ಕು ಮನೆ ಕಟ್ಟಿಸಿದೆ, ಆಗಲೂ ಎಲ್ಲರೂ ಬೇಡ ಅಂದಿದ್ದರು. ಈಗ ಬಾಡಿಗೆಯಲ್ಲೇ ಮಕ್ಕಳ ಫೀಸು ಹೋಗುತ್ತದೆ. ಬೆಲೆ ಏರುವುದು ಭೂಮಿಗೆ, ಗೋಡೆಗಲ್ಲ. ಫ್ಲಾಟಿನಲ್ಲಿ ನಿಮ್ಮ ಪಾಲಿಗೆ ಬರುವ ಭೂಮಿ ಒಂದು ಕೋಣೆಯಷ್ಟೂ ಇರಲ್ಲ, ಅದಕ್ಕೇ ನನ್ನ ಓಟು ಕಟ್ಟಡಕ್ಕೆ.

ಆದರೆ ಈ ಕಟ್ಟಡಕ್ಕಲ್ಲ. ಬಿ ಖಾತೆ ಎ ಆಗುತ್ತೆ ಅಂತಾನಲ್ಲ ಬ್ರೋಕರು, ಆದ ಮೇಲೆ ಬಾ ಅನ್ನಿ. ಇಲ್ಲ ಅಂದರೆ ಆಗಿಲ್ಲ ಅನ್ನುವ ರೇಟಿಗೆ ಕೊಡಲಿ. 20×30ರಲ್ಲಿ ಐದು ಮನೆ ಅಂದರೆ ಮಂಜೂರಾದ ನಕ್ಷೆ ಇದೆಯಾ ಮೊದಲು ಕೇಳಿ, ನನಗಂತೂ ಅನುಮಾನ. ಆ ಕಡೆಯ ಜಮೀನು ಮೂಲದಲ್ಲಿ ಯಾರದು ಅಂತಲೂ ಹಿಂದೆ ಹೋಗಿ ನೋಡಿಸಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಅದು ವಾಪಸ್ ಹೋಗಬಹುದು. 2023ರ ತಿದ್ದುಪಡಿ ಆದ ಮೇಲೆ ಅದನ್ನು ಕೇಳಲು ಕಾಯ್ದೆಯಲ್ಲಿ ಕಾಲಮಿತಿ ಇಲ್ಲ, ಇಷ್ಟು ವರ್ಷ ಆಯಿತು, ಇನ್ನು ಕೇಳುವ ಹಾಗಿಲ್ಲ ಅನ್ನುವ ಮಾತನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಮೇಲೆ ಎಷ್ಟು ಮಹಡಿ ಕಟ್ಟಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ.

ಕೂಡು_ಕಳೆ:

ಸೈಟು ಪ್ರೇಮಿ ಅವರೇ, 2009ರ ಬೆಲೆಗೆ ನನಗೂ ಒಂದು ಕೊಡಿಸಿ, ನಾಳೆಯೇ ಕೊಳ್ಳುತ್ತೇನೆ.

ತಿಪಟೂರು_ತೆಂಗು:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಉತ್ತರ ಕೊಡಲು ಆಗಲಿಲ್ಲ, ಯಾಕಂದರೆ ಬಾಗಿಲು ತಟ್ಟಲು ಹೋಗಿದ್ದೆ.

ಆ 21 ಪರ್ಸೆಂಟ್ ಲೆಕ್ಕ ನೋಡಿ ಮೊದಲು ಸಿಟ್ಟು ಬಂತು. ನಾಲ್ಕು ಸಲ ಕ್ಯಾಲ್ಕುಲೇಟರಿನಲ್ಲಿ ಹಾಕಿದೆ. ಅಷ್ಟೇ ಬರುತ್ತದೆ. ಹೆಂಡತಿ "ನಾನು ಇದನ್ನೇ ಹೇಳಿದ್ದಲ್ವಾ" ಅಂದಳು. ಹೇಳಿದ್ದಳು, ಬೇರೆ ಮಾತಿನಲ್ಲಿ.

ಮಂಗಳವಾರ ಸಂಜೆ ಒಬ್ಬನೇ ಹೋದೆ. ನೆಲಮಹಡಿಯವರು 10,500 ಕೊಡುವುದು ನಿಜ, ಫೋನ್‌ಪೇ ತೋರಿಸಿದರು. ಮೊದಲ ಮಹಡಿಯವರು ಕೊಡುವುದು 8,500, ಓನರು ಕಳೆದ ತಿಂಗಳು ಬಂದು "ಯಾರಾದರೂ ಕೇಳಿದರೆ ಹತ್ತೂವರೆ ಅನ್ನಿ" ಅಂದಿದ್ದಾರಂತೆ, ಆ ಹುಡುಗ ನಗುತ್ತಲೇ ಹೇಳಿದ. ಎರಡನೇ ಮಹಡಿಯ ದೊಡ್ಡ ಮನೆಗೆ ಬೀಗ. ಊರಿಗೆ ಹೋಗಿದ್ದಾರೆ! ಪಕ್ಕದ 9,000ದ ಮನೆಯಲ್ಲಿ ಒಬ್ಬ ಅಜ್ಜಿ, ಮಗ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಅವರನ್ನು ಕೇಳಿದೆ, ಆ ಬೀಗದ ಮನೆಯವರು ಯಾವಾಗ ಬರುತ್ತಾರೆ ಅಂತ. "ಅವ್ರು ಲೀಸಲ್ಲಿ ಇರೋರು ಕಣಪ್ಪ, ದುಡ್ಡು ಕೊಡೋವರ್ಗೂ ಬೀಗ ತೆಗೆಯಲ್ಲ ಅಂತ ಹೇಳಿ ಹೋಗಿದಾರೆ" ಅಂದರು. ಲೀಸು ಅಂದರೆ ಭೋಗ್ಯವೇ, ಎಷ್ಟು ಅಂತ ಅಜ್ಜಿಗೆ ಗೊತ್ತಿಲ್ಲ. ಟೆರೇಸ್ ರೂಮಿನವನು ಸಿಗಲಿಲ್ಲ.

ಅಜ್ಜಿ ಕಾಫಿ ಕೊಟ್ಟರು, ಆಮೇಲೆ ಕೆಳಗೆ ಕರೆದುಕೊಂಡು ಹೋಗಿ ಸಂಪಿನ ಮುಚ್ಚಳ ಎತ್ತಿ ಮೊಬೈಲ್ ಟಾರ್ಚ್ ಬಿಡು ಅಂದರು. ತಳದಲ್ಲಿ ಒಂದು ಗೇಣು ನೀರು. ಕಾವೇರಿ ಪೈಪು ಗೇಟಿನವರೆಗೆ ಬಂದು ನಿಂತಿದೆ, ಬಾಯಿಗೆ ಬಿರಡೆ ಹಾಕಿದ್ದಾರೆ. ಕನೆಕ್ಷನ್ ದುಡ್ಡು ಓನರು ಕಟ್ಟಿಲ್ಲವಂತೆ.

ಬ್ರೋಕರಿಗೆ ಬೀಗದ ಮನೆಯ ಅಗ್ರಿಮೆಂಟ್ ಕಾಪಿ ಬೇಕು ಅಂತ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಬಂದಿಲ್ಲ. ಅಪ್ಪನಿಗೆ ಫೋನ್ ಮಾಡಿ 12 ಲಕ್ಷ ಸದ್ಯಕ್ಕೆ ಕಳಿಸಬೇಡಿ ಅಂದೆ. ಫ್ಲಾಟಿನವರನ್ನು ಮೇಂಟೆನೆನ್ಸ್ ಬಗ್ಗೆ ಕೇಳಿದೆ, 24ರಲ್ಲೇ ಸೇರಿದೆಯಂತೆ, ಆದರೆ ಮೂರೂವರೆ ಅಲ್ಲ, 4,200.

ಮೂರನೇ_ಮಹಡಿ:

ಆ ಅಜ್ಜಿಗೆ ಒಂದು ಕೆಜಿ ಕಾಫಿಪುಡಿ ತಗೊಂಡು ಹೋಗಿ ಕೊಟ್ಟು ಬನ್ನಿ. 2019ರಲ್ಲಿ ನಮ್ಮ ಕಟ್ಟಡದಲ್ಲೂ ಒಬ್ಬರು ಇದ್ದರು, ನಾನು ಮಾತಾಡಿಸಲಿಲ್ಲ.